ಸಿಗ್ನಲ್ ಸಿಗುವ ಬಂಡೆ

ನಮ್ಮ ಊರಿನಲ್ಲಿ ಯಾರಾದರೂ ಸಂಜೆ ಹೊತ್ತು ಬೆಟ್ಟಕ್ಕೆ ಹೊರಟರೆ ಕತ್ತಿ ಎಲ್ಲಿ, ಹಗ್ಗ ಎಲ್ಲಿ ಎಂದು ಕೇಳುವವರು ಯಾರೂ ಇರಲಿಲ್ಲ. ಫೋನು ಮಾಡಲು ಹೊರಟರು ಎಂದು ಎಲ್ಲರಿಗೂ ಗೊತ್ತು. ಬೆಟ್ಟವೆಂದರೆ ತೋಟಕ್ಕೆ ಹಾಕುವ ಸೊಪ್ಪು ಕಡಿಯಲು ಒಬ್ಬೊಬ್ಬರ ಪಾಲಿಗೆ ಬಿಟ್ಟ ಕಾಡು. ಉಮ್ಮಚಗಿ ದಾಟಿ ಒಳರಸ್ತೆ ಹಿಡಿದರೆ ಸಿಗುವ ನಮ್ಮ ಊರು ಬೋಗುಣಿಯ ತಳದಲ್ಲಿ ಕೂತ ಹಾಗಿದೆ, ಸುತ್ತ ಗುಡ್ಡ. ಯಾವ ಕಂಪನಿಯ ಸಿಗ್ನಲ್ಲಿಗೂ ಅಷ್ಟು ಕೆಳಗಿಳಿದು ನಮ್ಮ ಮನೆಯ ಜಗಲಿ ಹತ್ತುವ ಮನಸ್ಸಿರಲಿಲ್ಲ. ಒಂದೇ ಒಂದು ಕಂಪನಿಯದು ಮಾತ್ರ ನಮ್ಮ ಮನೆಯ ಹಿಂದಿನ ಬೆಟ್ಟದ ತುದಿಯಲ್ಲಿ, ಮತ್ತಿ ಮರದ ಬುಡದಲ್ಲಿದ್ದ ಚಪ್ಪಟೆ ಬಂಡೆಯ ಮೇಲೆ ಸಿಗುತ್ತಿತ್ತು. ಹಾಗಾಗಿ ಊರಿಗೆ ಊರೇ ಅದೇ ಕಂಪನಿಯ ಸಿಮ್ಮು ಹಾಕಿಸಿಕೊಂಡಿತ್ತು.

ಬಂಡೆಯ ಮೇಲೂ ಎಲ್ಲೆಂದರಲ್ಲಿ ಸಿಗುತ್ತಿರಲಿಲ್ಲ. ಪಡುವಣಕ್ಕೆ ಮುಖ ಮಾಡಿ ಅಂಚಿನಲ್ಲಿ ಕೂರಬೇಕು. ಹಿಂದೆ ಸರಿದರೆ ಮಾತು ಕಡಿದು ಹೋಗುತ್ತದೆ. ಕೈ ಬೀಸಿ ಮಾತನಾಡುವ ಅಭ್ಯಾಸ ಇದ್ದವರಿಗೆ ಬಹಳ ಕಷ್ಟ. ನನ್ನ ಗಂಡನ ಅರ್ಧ ಮಾತುಗಳು ಹೀಗೆಯೇ ಯಾರಿಗೂ ತಲುಪದೆ ಗಾಳಿಪಾಲಾಗಿವೆ. ಮನೆಯಿಂದ ಹತ್ತಿ ಬಂದು ಏದುಸಿರು ಬಿಡುತ್ತ ಅಲ್ಲಿ ಕೂತ ಕೂಡಲೇ ಹಿಂದಿನ ದಿನದಿಂದ ಕಾಯುತ್ತಿದ್ದ ಮೆಸೇಜುಗಳೆಲ್ಲ ಟಣ್ ಟಣ್ ಎಂದು ಒಟ್ಟಿಗೆ ಬಂದು ಬೀಳುತ್ತಿದ್ದವು. ನಿನ್ನೆಯ ಶುಭೋದಯ, ಇವತ್ತಿನ ಶುಭೋದಯ, ಸತ್ತ ಸುದ್ದಿ, ಹುಟ್ಟಿದ ಸುದ್ದಿ, ಮಂಡಿನೋವಿಗೆ ಬೆಂಡೆಕಾಯಿ ನೀರು, ಎಲ್ಲ ಒಂದೇ ಉಸಿರಿಗೆ.

ನಮ್ಮೂರಿಗೆ ಫೋಟೋ ತೆಗೆಯುವ ಹುಚ್ಚು ಹಿಡಿದದ್ದೂ ಆ ಬಂಡೆಯಿಂದಲೇ. ಕಳಿಸಿದ ಮೆಸೇಜು ಹೋಗುವ ತನಕ ಕಾಯಬೇಕು, ಕಾಯುವವರ ಕೈ ಸುಮ್ಮನಿರುವುದಿಲ್ಲ. ಎದುರಿಗೆ ಘಟ್ಟದ ಸಾಲು, ಒಂದರ ಹಿಂದೆ ಒಂದು, ದೂರದ್ದು ತೆಳ್ಳಗೆ. ಅದರಾಚೆ ಮುಳುಗುವ ಸೂರ್ಯ. ಹೀಗಾಗಿ ಊರಿನ ಪ್ರತಿಯೊಂದು ಮೊಬೈಲಿನಲ್ಲಿಯೂ ಒಂದೇ ಜಾಗದಿಂದ, ಒಂದೇ ದಿಕ್ಕಿಗೆ, ಒಂದೇ ಹೊತ್ತಿನಲ್ಲಿ ತೆಗೆದ ಫೋಟೋಗಳು ರಾಶಿ ಬಿದ್ದಿವೆ. ಸಿರಸಿಯಲ್ಲಿರುವ ನಮ್ಮ ನೆಂಟರು ನಮ್ಮೂರಲ್ಲಿ ಬೆಳಗ್ಗೆಯೇ ಆಗುವುದಿಲ್ಲವೇ ಎಂದು ತಮಾಷೆ ಮಾಡುತ್ತಿದ್ದರು.

ನಾನು ಆ ವಿಷಯದಲ್ಲಿ ಸ್ವಲ್ಪ ಶಿಸ್ತಿನವಳು. ಫೋಟೋ ಎಂದರೆ ಗುಡ್ಡ, ಆಕಾಶ, ಸೂರ್ಯ, ಅಷ್ಟೇ. ನಡುವೆ ಮನುಷ್ಯರು, ದನ, ಚಪ್ಪಲಿ ಬರಬಾರದು. ಹಳೆಯ ಮೊಬೈಲಿನಲ್ಲಿ ಸೂರ್ಯ ಒಡೆದ ಮೊಟ್ಟೆಯ ಹಾಗೆ ಬೆಳ್ಳಗೆ ಹರಡಿಕೊಳ್ಳುತ್ತಿದ್ದ. ಹೊಸ ಮೊಬೈಲು ಬಂದ ಮೇಲೆ ಉಲ್ಟಾ ಆಯಿತು. ಮೋಡ ಕವಿದ ಬೂದು ಸಂಜೆಗೂ ನನ್ನನ್ನು ಒಂದು ಮಾತು ಕೇಳದೆ ಕುಂಕುಮ ಬಳಿದು ಕೊಡುತ್ತದೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಜನ ಚೆಂದ ಚೆಂದ ಎನ್ನತೊಡಗಿದ ಮೇಲೆ ಸುಮ್ಮನಾದೆ. ಸೊಪ್ಪು ಕಡಿದ ಮರಗಳು ಮಾತ್ರ ಬಾಟಲಿ ತೊಳೆಯುವ ಬ್ರಶ್ಶಿನಂತೆ ಅಡ್ಡ ನಿಂತಿರುತ್ತಿದ್ದವು. ಅವನ್ನು ಏನೂ ಮಾಡುವ ಹಾಗಿರಲಿಲ್ಲ. ಅವನ್ನು ಕಡಿದವರು ನಾವೇ.

ಈಗ ನನ್ನ ಓರಗಿತ್ತಿಯ ವಿಷಯ ಹೇಳಬೇಕು. ಅವಳು ನನ್ನ ಮೈದುನನ ಹೆಂಡತಿ, ಪಕ್ಕದ ಮನೆ. ನಡುವೆ ಒಂದು ದಾಸವಾಳದ ಬೇಲಿ. ನಾನು ಮದುವೆಯಾಗಿ ಬಂದ ಕೆಲ ವರ್ಷಕ್ಕೆ ಅವಳು ಬಂದಳು. ನನ್ನನ್ನು ಅಕ್ಕಯ್ಯ ಎಂದು ಕರೆಯುತ್ತ ನನ್ನ ಹಿಂದೆ ಮುಂದೆ ಓಡಾಡಿಕೊಂಡಿದ್ದಳು. ತೊಡದೇವು ಮಾಡುವುದನ್ನು ಅವಳಿಗೆ ಕಲಿಸಿದವಳು ನಾನು. ಬೋರಲು ಹಾಕಿದ ಮಡಕೆಯನ್ನು ಕಾಯಿಸಿ, ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ಬಳಿದು, ಕಾಗದದಷ್ಟು ತೆಳ್ಳಗೆ ಬಿಡಿಸಿಕೊಳ್ಳಬೇಕು. ಕೈ ತಡವಾದರೆ ಸುಟ್ಟೇಹೋಯಿತು. ಅವಳು ಸುಟ್ಟದ್ದನ್ನೆಲ್ಲ ನಗುತ್ತ ನಾನೇ ತಿಂದಿದ್ದೇನೆ.

ಒಮ್ಮೆ ಯಾವುದೋ ಯೂಟ್ಯೂಬ್ ಚಾನೆಲ್ಲಿನವರು ಮಲೆನಾಡಿನ ತಿಂಡಿ ಹುಡುಕಿಕೊಂಡು ಅವಳ ಮನೆಗೆ ಬಂದರು. ಮಡಕೆ ನನ್ನದು. ಕೋಲು ನನ್ನದು. ಪಕ್ಕದಲ್ಲಿ ಕೂತು ಉರಿ ಹದ ನೋಡಿದವಳೂ ನಾನು. ಯಾರಿಂದ ಕಲಿತಿರಿ ಎಂದು ಅವರು ಕೇಳಿದ್ದಕ್ಕೆ ಇವಳು ಕ್ಯಾಮೆರಾ ನೋಡಿ ನಾಚಿಕೊಂಡು, "ಹೀಂಗೇ, ಮಾಡ್ತಾ ಮಾಡ್ತಾ ಬಂತು" ಎಂದುಬಿಟ್ಟಳು. ವಿಡಿಯೋ ಬಂದ ಮೇಲೆ ನೋಡಿದರೆ ನನ್ನ ಮುಖವೇ ಇಲ್ಲ. ಸೌದೆ ಮುಂದಕ್ಕೆ ತಳ್ಳುವ ಒಂದು ಕೈ ಮಾತ್ರ ಇದೆ. ನನ್ನ ಬಳೆಯ ಗುರುತಿನಿಂದ ದೊಡ್ಮನೆ ಎಂಬ ಊರಿನಲ್ಲಿರುವ ನನ್ನ ಅಕ್ಕ ಅದು ನಾನು ಎಂದು ಕಂಡುಹಿಡಿದಳು. ನಾನು ಓರಗಿತ್ತಿಯ ಜತೆ ಮಾತು ಬಿಟ್ಟೆ. ಕ್ಯಾಮೆರಾ ಎದುರು ಬಾಯಿ ಕಟ್ಟಿತ್ತು ಎಂದು ಅವಳು ಮೈದುನನ ಮೂಲಕ ಹೇಳಿ ಕಳಿಸಿದಳು. ಹೇಳಿ ಕಳಿಸಿದ್ದು ಇನ್ನೂ ತಪ್ಪಾಯಿತು, ಬೇಲಿ ದಾಟಿ ಬರಲು ಕಾಲಿರಲಿಲ್ಲವೇ? ಈಗಲೂ ಕೇಳಿದರೆ ತಪ್ಪು ಅವಳದೇ ಎನ್ನುತ್ತೇನೆ.

ಆದರೆ ಮಾತು ಬಿಟ್ಟರೂ ಸಿಗ್ನಲ್ ಬಿಡಲಾಗುತ್ತದೆಯೇ? ಸಂಜೆ ಚಹಾ ಮುಗಿದು, ಹಾಲು ಕರೆಯುವ ಮೊದಲು ಸಿಗುವ ಬಿಡುವು ಇಬ್ಬರಿಗೂ ಒಂದೇ. ನಾನು ನನ್ನ ಅಕ್ಕನಿಗೆ ಫೋನು ಮಾಡಲು ಬೆಟ್ಟ ಹತ್ತಿದರೆ ಅವಳು ಸಿರಸಿ ಕಡೆಯ ತನ್ನ ಅಮ್ಮನಿಗೆ ಮಾಡಲು ಹತ್ತಿರುತ್ತಾಳೆ. ಬಂಡೆಯ ಅಂಚಿನಲ್ಲಿ ಇಬ್ಬರು ಕೂರುವಷ್ಟೇ ಜಾಗ. ಮುಖ ಇಬ್ಬರದೂ ಪಡುವಣಕ್ಕೇ. ಭುಜಕ್ಕೆ ಭುಜ ತಾಗಿಸಿಕೊಂಡು, ಒಬ್ಬರಿಗೊಬ್ಬರು ಇಲ್ಲವೇ ಇಲ್ಲ ಎನ್ನುವ ಹಾಗೆ ಕೂತು ಬೇರೆಯವರ ಜತೆ ಮಾತನಾಡುತ್ತಿದ್ದೆವು.

ಪಕ್ಕದಲ್ಲಿ ಕೂತವಳ ಕಿವಿಗೆ ಬಾಗಿಲು ಹಾಕಲಿಕ್ಕಾಗುವುದಿಲ್ಲ. ಒಂದು ಬೇಸಿಗೆಯಲ್ಲಿ ಅಕ್ಕನಿಗೆ, ಈ ವರ್ಷ ಉಪ್ಪಿನಕಾಯಿಗೆ ಒಳ್ಳೆಯ ಅಪ್ಪೆಮಿಡಿ ಸಿಗಲೇ ಇಲ್ಲ ಎಂದು ಗೋಳು ಹೇಳಿಕೊಂಡೆ. ಮರುದಿನ ಬೆಳಗ್ಗೆ ಜಗಲಿಯ ಮೇಲೆ ಒಂದು ಬುಟ್ಟಿ ಮಿಡಿ, ತೊಟ್ಟು ಮುರಿಯದ ಹಾಗೆ ಕೊಯ್ದದ್ದು. ಯಾರು ಇಟ್ಟರೆಂದು ಯಾರೂ ಹೇಳಲಿಲ್ಲ. ಬುಟ್ಟಿ ಯಾರದೆಂದು ನನಗೆ ಗೊತ್ತು. ಅದಾಗಿ ಕೆಲ ದಿನಕ್ಕೆ ಅವಳು ಅಮ್ಮನಿಗೆ, ಬೆಟ್ಟ ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತದೆ ಎಂದಳು. ನಾನು ಮನೆಗೆ ಹೋಗಿ ಒಂದು ಶೀಶೆ ತೈಲ ತೆಗೆದು, ಮೈದುನ ಬಂದಾಗ ಏನೂ ಹೇಳದೆ ಅವನ ಕೈಗೆ ಕೊಟ್ಟೆ. ಅವನೂ ಏನೂ ಕೇಳಲಿಲ್ಲ, ಆ ಮನೆತನದ ಗಂಡಸರು ಕೇಳುವವರಲ್ಲ. ಮುಂದಿನ ವಾರ ಬಂಡೆಯ ಮೇಲೆ ಅವಳ ದನಿ ಎಂದಿಗಿಂತ ಜೋರಾಗಿತ್ತು. "ಅಮ್ಮಾ, ಆ ತೈಲ ಹಚ್ಚಿದ ಮೇಲೆ ನೋವೇ ಇಲ್ಲೆ, ಗೊತ್ತಿದ್ದ?"

ಆಮೇಲೆ ಇದೇ ರೂಢಿಯಾಯಿತು. ಅವಳಿಗೆ ತಿಳಿಯಬೇಕಾದದ್ದನ್ನು ನಾನು ಅಕ್ಕನಿಗೆ ಹೇಳುತ್ತಿದ್ದೆ. ನನಗೆ ತಿಳಿಯಬೇಕಾದದ್ದನ್ನು ಅವಳು ಅಮ್ಮನಿಗೆ ಹೇಳುತ್ತಿದ್ದಳು. ಆಕಳು ಯಾವಾಗ ಕರು ಹಾಕುತ್ತದೆ, ಮಂಗ ಯಾರ ಬಾಳೆಗೊನೆ ತಿಂದಿತು, ಬ್ಲೌಸು ಯಲ್ಲಾಪುರದಲ್ಲಿ ಯಾರ ಹತ್ತಿರ ಹೊಲಿಸಿದರೆ ಚೆಂದ, ಎಲ್ಲ ಹೀಗೆಯೇ. ದೊಡ್ಮನೆಯಲ್ಲಿ ಕೂತು ನಮ್ಮೂರಿನ ಮಂಗದ ಕಥೆ ಕೇಳಿ ಕೇಳಿ ಅಕ್ಕನಿಗೆ ಸಾಕಾಯಿತು. "ಕೂಸೆ, ಇದನ್ನ ನಿನ್ನೆನೂ ಹೇಳಿದ್ದೆ. ಯಂಗೆ ಕಿವಿ ಸರಿ ಇದ್ದು. ನೀ ಯಾರ ಹತ್ರ ಮಾತಾಡ್ತಾ ಇದ್ದೆ?" ಎಂದು ಒಂದು ದಿನ ಗದರಿದಳು. ಫೋನಿನ ದನಿ ಆ ಮೌನದಲ್ಲಿ ಚೆನ್ನಾಗಿಯೇ ಹೊರಗೆ ಕೇಳಿಸಿತು. ನನ್ನ ಪಕ್ಕದ ಭುಜ ನಗು ತಡೆದುಕೊಂಡು ಕುಲುಕಿದ್ದು ನನಗೆ ಗೊತ್ತಾಯಿತು. ನಾನೂ ಕೆಮ್ಮಿದ ಹಾಗೆ ಮಾಡಿದೆ.

ಸ್ಟೇಟಸ್ಸಿನಲ್ಲೂ ಹೀಗೆಯೇ. ನಾನು ಹಾಕಿದ ಸೂರ್ಯನನ್ನು ಯಾರು ಯಾರು ನೋಡಿದರು ಎಂದು ಆ ಕಣ್ಣಿನ ಗುರುತು ಒತ್ತಿ ನೋಡಿದರೆ ಅವಳು ಇಲ್ಲದ ದಿನವಿಲ್ಲ. ಅವಳದನ್ನು ನಾನೂ ತಪ್ಪಿಸುತ್ತಿರಲಿಲ್ಲ. ಅವಳ ಫೋಟೋಗಳಿಗೆ ಮಾತ್ರ ಒಂದು ರೀತಿ ನೀತಿ ಇರಲಿಲ್ಲ. ಘಟ್ಟದ ಸಾಲಿನ ಅರ್ಧಕ್ಕೆ ಆಕಳ ಬಾಲ, ಒಂದು ಮೂಲೆಯಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಅವಳದೇ ಬೆರಳು. ನೆಂಟರೆಲ್ಲ ಅದಕ್ಕೇ ಹೆಚ್ಚು ಹೃದಯ ಒತ್ತುತ್ತಿದ್ದರು, ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ಆಕಾಶ ತುಂಬ ಚೆನ್ನಾಗಿತ್ತು. ಮೊಬೈಲಿನ ಕುಂಕುಮ ಬೇಕಾಗಿರಲಿಲ್ಲ. ನಾನು ಬಂಡೆಗಿಂತ ಹಿಂದೆ ನಿಂತು ಫೋಟೋ ತೆಗೆದೆ. ಆಮೇಲೆ ನೋಡಿದರೆ ಸರಿಯಾಗಿ ನಡುವೆ ಅವಳ ಬೆನ್ನು. ಬಣ್ಣ ಮಾಸಿದ ನೈಟಿ, ಮೇಲೊಂದು ಟವೆಲ್ಲು, ಕಿವಿಗೆ ಮೊಬೈಲು. ಬೇಡದ್ದನ್ನು ಬೆರಳಿನಿಂದ ಸುತ್ತು ಹಾಕಿದರೆ ಅಳಿಸಿಹಾಕುವ ವ್ಯವಸ್ಥೆ ಹೊಸ ಮೊಬೈಲಿನಲ್ಲಿತ್ತು. ನಾನು ಸುತ್ತು ಹಾಕಿದೆ. ಕಣ್ಣು ಮಿಟುಕಿಸುವುದರೊಳಗೆ ಅವಳು ಮಾಯವಾಗಿ, ಅವಳು ಕೂತಿದ್ದ ಜಾಗದಲ್ಲಿ ಎಂದೂ ಇಲ್ಲದ ಹುಲ್ಲು ಹುಟ್ಟಿಕೊಂಡಿತು. ನನಗೆ ಬೇಕಾದ ಹಾಗೆಯೇ ಇತ್ತು ಚಿತ್ರ. ಗುಡ್ಡ, ಆಕಾಶ, ಸೂರ್ಯ, ಖಾಲಿ ಬಂಡೆ. ಆದರೆ ಆ ಹುಲ್ಲಿನ ಮೇಲೆಯೇ ಕಣ್ಣು ನಿಂತಿತು. ಅಷ್ಟು ಸುಲಭವಾಗಿ ಅವಳನ್ನು ಇಲ್ಲವೆನ್ನಿಸಬಹುದು ಎನ್ನುವುದೇ ನನಗೆ ಹೆದರಿಕೆ ಹುಟ್ಟಿಸಿತು. ವಾಪಸು ಒತ್ತಿ ಅವಳನ್ನು ಕರೆತಂದೆ. ನೈಟಿ ಸಮೇತ ಸ್ಟೇಟಸ್ಸಿಗೆ ಹಾಕಿದೆ.

ಮರುದಿನ ಅವಳು ಬೆಟ್ಟಕ್ಕೆ ಬಂದದ್ದು ಹಸಿರು ಅಂಚಿನ ಸೀರೆಯಲ್ಲಿ. ತಲೆಗೆ ಅಬ್ಬಲಿಗೆ ಹೂವು. ನನ್ನತ್ತ ನೋಡಲಿಲ್ಲ. ನಿನ್ನೆ ಕೂತಲ್ಲೇ ಬೆನ್ನು ತಿರುಗಿಸಿ ನೆಟ್ಟಗೆ ಕೂತು, ಸೂರ್ಯ ಮುಳುಗುವ ತನಕ ಅಲುಗಾಡದೆ ಅಮ್ಮನ ಜತೆ ಮಾತನಾಡಿದಳು. ನಾನು ಫೋಟೋ ತೆಗೆದೆ. ಅಂದಿನಿಂದ ನನ್ನ ಫೋಟೋಗಳಲ್ಲಿ ಒಂದು ಬೆನ್ನು ಇರುತ್ತಿತ್ತು.

ಹೀಗಿರುವಾಗ ಊರಿಗೆ ವೈರು ಬಂತು. ಕರೆಂಟು ಕಂಬದ ಮೇಲೆ ಕಪ್ಪು ಕೇಬಲ್ಲು ಎಳೆದು ಮನೆಮನೆಗೂ ವೈಫೈ ಕೊಟ್ಟರು. ನನ್ನ ಗಂಡ ಊರಿಗಿಂತ ಮೊದಲು ಹಾಕಿಸಿದ. ಆ ಪೆಟ್ಟಿಗೆಯ ಹಸಿರು ದೀಪ ನೋಡಿಕೊಂಡು ಹಬ್ಬ ಮಾಡಿದ. ನನಗೂ ಮೊದಲ ವಾರ ಖುಷಿಯೇ. ಒಗ್ಗರಣೆ ಹಾಕುತ್ತ ಅಕ್ಕನ ಮುಖ ನೋಡಿಕೊಂಡು ಮಾತನಾಡಬಹುದು. ಕೈ ಬೀಸಬಹುದು. ಬೇಲಿಯಾಚೆ ಅವಳ ಮನೆಯಲ್ಲೂ ಹಸಿರು ದೀಪ ಬಂತು.

ಸಂಜೆ ಬೆಟ್ಟ ಹತ್ತುವುದಕ್ಕೆ ಈಗ ಯಾರಿಗೂ ಕಾರಣವಿರಲಿಲ್ಲ. ಸ್ಟೇಟಸ್ಸಿನಲ್ಲಿ ಸೂರ್ಯ ಹೋಗಿ, ಎಲ್ಲಿಂದಲೋ ಬಂದ ಹೂವಿನ ಚಿತ್ರ, ದೇವರ ಚಿತ್ರ ಬಂದವು. ಅವಳಂತೂ ಏನನ್ನೂ ಹಾಕುವುದನ್ನೇ ನಿಲ್ಲಿಸಿದಳು. ನಾನು ಅಕ್ಕನ ಹತ್ತಿರ ಜೋರಾಗಿ ಮಾತನಾಡಿದರೆ ಕೇಳುವವರು ಯಾರೂ ಇಲ್ಲ. ನನಗೆ ಅವಳು ಬೇಕಿತ್ತು, ಅದು ನನಗೆ ಆಗ ಸ್ಪಷ್ಟವಾಗಿ ಗೊತ್ತಾಯಿತು. ಬೇಲಿ ದಾಟಿದರೆ ಅವಳ ಮನೆ. ಆದರೆ ಏನೆಂದು ಹೋಗುವುದು? ಇಷ್ಟು ಕಾಲ ಮಾತಾಡದೇ ಇದ್ದವಳು ನೆಟ್ಟಗೆ ಹೋಗಿ ಅಂಗಳದಲ್ಲಿ ನಿಂತರೆ ಮೊದಲ ಮಾತು ಯಾವುದು? ಬಂಡೆಯ ಮೇಲೆ ಆ ಕಷ್ಟವೇ ಇರಲಿಲ್ಲ. ಹೀಗೆಯೇ ಬಿಟ್ಟರೆ ಇಬ್ಬರೂ ಒಂದೊಂದು ಹಸಿರು ದೀಪದ ಕೆಳಗೆ ಮುದುಕಿಯರಾಗುತ್ತೇವೆ ಎನ್ನಿಸಿ ಅಳುವೇ ಬಂತು.

ಒಂದು ಸಂಜೆ ತಡೆಯಲಾರದೆ ಚಪ್ಪಲಿ ಮೆಟ್ಟಿದೆ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ ಗಂಡ ತಲೆ ಎತ್ತಿದ.

"ಬೆಟ್ಟಕ್ಕೆ ಎಂತಕ್ಕೆ ಹೋಗ್ತೆ? ಆ ಟವರ್ ಹಾಳಾಗಿ ಸುಮಾರು ದಿನ ಆತು. ಈಗ ಅಲ್ಲಿ ಒಂದು ಗೆರೆನೂ ಬತ್ತಿಲ್ಲೆ."

"ಫೋಟೋ ತೆಗ್ಯಲೆ," ಎಂದೆ.

ಜನ ಓಡಾಡದೆ ದಾರಿಯಲ್ಲಿ ಒಣಗಿದ ಎಲೆಯ ದರಕು ಬಿದ್ದಿತ್ತು. ಹತ್ತುತ್ತ ಅರ್ಧಕ್ಕೆ ಬಂದಾಗಲೇ ದನಿ ಕೇಳಿಸಿತು. ಅವಳು ಬಂಡೆಯ ಅಂಚಿನಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತಿದ್ದಳು. ಕಿವಿಗೆ ಮೊಬೈಲು. ದರಕಿನ ಮೇಲೆ ನನ್ನ ಹೆಜ್ಜೆಯ ಸದ್ದು ಅವಳಿಗೆ ಕೇಳಿರಲೇಬೇಕು, ದನಿ ಜೋರಾಯಿತು.

"ಅಕ್ಕಯ್ಯ ಬೆಟ್ಟಕ್ಕೆ ಬರದ್ದೆ ಸುಮಾರು ದಿನ ಆತು ಅಮ್ಮಾ. ಆರಾಮ ಇದ್ದೋ ಇಲ್ಯೋ, ಯಂಗೆ ಗೊತ್ತಿಲ್ಲೆ. ಮನೆಗೇ ಹೋಗಿ ಕೇಳನ ಅಂದ್ರೆ ಧೈರ್ಯ ಬತ್ತಿಲ್ಲೆ."

ನಾನು ನನ್ನ ಮೊಬೈಲು ತೆಗೆದು ನೋಡಿದೆ. ಗಂಡ ಹೇಳಿದ್ದು ನಿಜ, ಒಂದು ಗೆರೆಯೂ ಇರಲಿಲ್ಲ. ಅವಳದೂ ಅದೇ ಕಂಪನಿ. ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಲು ಆ ಕಡೆ ಯಾರೂ ಇರಲಿಲ್ಲ. ಅವಳು ಮಾತು ನಿಲ್ಲಿಸಿ, ಉತ್ತರ ಬರುತ್ತದೆ ಎನ್ನುವ ಹಾಗೆ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು.

ನಾನೂ ಮೊಬೈಲನ್ನು ಕಿವಿಗೆ ಹಿಡಿದೆ.

"ಹಲೋ," ಎಂದೆ. "ಕೇಳ್ತಾ ಇದ್ದು. ಆನು ಆರಾಮ ಇದ್ದಿ. ನೀ ಹೇಂಗಿದ್ದೆ?"

ಅವಳು ತಿರುಗಲಿಲ್ಲ. ಮೊಬೈಲನ್ನೂ ಇಳಿಸಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಂಡೆಯ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದಳು.