ಎಡಗೈಯ ಚಾಳಿ

ನನ್ನ ಎಡಗೈಯನ್ನು ನಾನು ಗೆದ್ದೆ ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ.

ಗೂಡಲೂರಿನ ನಮ್ಮ ಮನೆಗೆ ನಲ್ಲಿ ಬಂದು ಎಷ್ಟೋ ಕಾಲವಾಯಿತು. ಆದರೂ ಹಸುಗಳಿಗೆ ಅಮ್ಮ ತರುವುದು ಕಾಲುವೆಯ ನೀರನ್ನೇ. ಕೊಡ ಅದ್ದುವ ಮೊದಲು ಎಡಗೈಯಿಂದ ಮೇಲಿನ ನೀರನ್ನು ಎರಡು ಸಲ ಆಚೆ ತಳ್ಳಬೇಕು. ಚಿಕ್ಕವಳಾಗಿದ್ದಾಗ ನಾನು ತಳ್ಳದೆ ಮೊಗೆದು ತಂದರೆ ಅಮ್ಮ ಅಷ್ಟೂ ನೀರು ಚೆಲ್ಲಿ, ನನ್ನನ್ನು ಮತ್ತೆ ಕಾಲುವೆಗೆ ಅಟ್ಟುತ್ತಿದ್ದಳು.

ಅದೇ ಕೈಯೊಂದಿಗೆ ನಾನು ಸಮುದ್ರದ ಕೆಲಸಕ್ಕೆ ಸೇರಿದೆ. ರಾಮೇಶ್ವರದ ಕಡೆಯ ಒಂದು ಕೊಲ್ಲಿಯಲ್ಲಿ ತಿಂಗಳಿಗೊಮ್ಮೆ ದೋಣಿಯಿಂದ ಬಾಟಲಿಗಳಿಗೆ ನೀರು ತುಂಬಿ ಪರೀಕ್ಷಿಸುವ ಕೆಲಸ. ಅಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಕಡಲಪಾಚಿ ಕೀಳುವ ಹೆಂಗಸರ ತೋಳಿನಲ್ಲಿ ಗುಳ್ಳೆಗಳೇಳುತ್ತಿದ್ದವು. ಕೊಲ್ಲಿಗೆ ಬಂದು ಬೀಳುವ ಮೋರಿಯಿಂದ ಎಣ್ಣೆ ಬರುತ್ತಿದೆ ಎಂಬುದು ಅವರ ದೂರು. ಮೂರು ತಿಂಗಳೂ ನನ್ನ ವರದಿ ನೀರು ಚೊಕ್ಕಟವಾಗಿದೆ ಎಂದಿತು. ಅವರಲ್ಲಿ ಹಿರಿಯಳೊಬ್ಬಳು ತೋಳು ಚಾಚಿ, ಹಾಗಾದರೆ ಇದು ಸುಳ್ಳಾ ಎಂದು ತಮಿಳಿನಲ್ಲಿ ಕೇಳಿದಳು. ನನಗೆ ಸಿಟ್ಟೇ ಬಂತು. ಯಂತ್ರವೇನು ಸುಳ್ಳು ಹೇಳುತ್ತದೆಯೇ?

ಪೊಂಗಲಿಗೆ ಊರಿಗೆ ಬಂದವಳು ಕಾಲುವೆಯ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಅಮ್ಮನಿಗೆ ಒದರುತ್ತಿದ್ದೆ. ಅಮ್ಮ ಎಡಗೈಯಿಂದ ನೀರು ತಳ್ಳುತ್ತಿದ್ದಳು. ಅದೇಕೆ ಹಾಗೆ ತಳ್ಳುವುದು ಎಂದು ಜೀವನದಲ್ಲಿ ಮೊದಲ ಸಲ ಕೇಳಿದೆ.

"ಕಸ ಎಲ್ಲಾ ಮ್ಯಾಲೆ ತಾನೆ ತೇಲಾದು, ಕಣ್ಣು," ಎಂದು ಮುದ್ದಿನಿಂದ ಹೇಳಿದಳು.

ಬಾಟಲಿ ಅದ್ದುವ ಮೊದಲು ದೋಣಿಯಿಂದ ಬಗ್ಗಿ ನಾನೂ ಪ್ರತಿ ಸಲ ಮಾಡುತ್ತಿದ್ದುದು ಅದನ್ನೇ. ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆಯನ್ನು ಅಚ್ಚುಕಟ್ಟಾಗಿ ಪಕ್ಕಕ್ಕೆ ಸರಿಸಿ, ನೀರು ಚೊಕ್ಕಟ ಎಂದು ಸಹಿ ಹಾಕಿದ್ದೆ!

ಮುಂದಿನ ಸಲ ಆ ಹಿರಿಯಳನ್ನೇ ದೋಣಿಗೆ ಹತ್ತಿಸಿಕೊಂಡೆ. ತಪ್ಪು ನನ್ನದು ಎಂದು ಒಪ್ಪಿಕೊಂಡು, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ನನ್ನ ಎಡಗೈಯನ್ನು ಅವಳಿಗೆ ಕೊಟ್ಟೆ. ಬಲಗೈಯಲ್ಲಿ ಬಾಟಲಿಯ ಬಾಯಿಯನ್ನು ನೀರಿನ ಮೇಲ್ಮೈಗೇ ತಾಗಿಸಿ ತುಂಬಿದೆ. ಎಡಗೈ ಆಗಲೂ ಎರಡು ಸಲ ಕೊಸರಿತು, ಅವಳು ಬಿಡಲಿಲ್ಲ. ಪರೀಕ್ಷೆಯಲ್ಲಿ ಎಣ್ಣೆ ಸಿಕ್ಕಿತು. ಹಳೆಯ ಮೂರೂ ವರದಿಗಳು ತಪ್ಪೆಂದು ಮೇಲಿನವರಿಗೆ ಬರೆದುಕೊಟ್ಟೆ. ಬೈಸಿಕೊಂಡೆ, ಆದರೆ ಮೋರಿಯ ಬಾಯಿ ಮುಚ್ಚಿಸಿದೆ.

ಕೆಲವು ತಿಂಗಳ ನಂತರ ಹೋದಾಗ ಅವಳು ನೀರಿನಲ್ಲಿ ನಿಂತಿದ್ದಳು. ನನ್ನನ್ನು ಕಂಡವಳೇ ಎರಡೂ ತೋಳೆತ್ತಿ ತೋರಿಸಿದಳು. ಒಂದು ಗುಳ್ಳೆಯೂ ಇರಲಿಲ್ಲ. ಖುಷಿ ತಡೆಯಲಾರದೆ ನಾನೂ ದೋಣಿಯಲ್ಲಿ ಎದ್ದು ನಿಂತು ಎರಡೂ ಕೈ ಎತ್ತಿದೆ.

ಎಡಗೈಯನ್ನು ಈಗ ಯಾರು ಹಿಡಿದುಕೊಳ್ಳುತ್ತಾರೆ ಎಂದು ಅವಳು ಅಲ್ಲಿಂದಲೇ ಕೂಗಿ ಕೇಳಿದಳು.