ಬೆನ್ನಿನ ಮಣ್ಣು

ಚಿತ್ರದುರ್ಗದಿಂದ ಹೊರಟ ಬಸ್ಸು ಕೂಡ್ಲಿಗಿ ದಾಟಿದ್ದೇ ತಡ, ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಹೊಸಪೇಟೆ ಮುಟ್ಟುವಷ್ಟರಲ್ಲಿ ನನ್ನ ಬಿಳಿ ಅಂಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ನಿಲ್ದಾಣದ ಎದುರು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆ. ರುಚಿಗೆ ದೂರಿಲ್ಲ, ರೇಟು ಕೇಳಿ ಮಾತ್ರ ಬೆಚ್ಚಿಬಿದ್ದೆ. ಅದಿರು ಕೊಳ್ಳಲು ಬಂದವರಿಂದ ಲಾಡ್ಜುಗಳೆಲ್ಲ ತುಂಬಿದ್ದವಂತೆ. ನನಗೆ ಲಾಡ್ಜು ಬೇಕಿರಲಿಲ್ಲ. ನಾನು ಹೊರಟದ್ದು ಕಂಪ್ಲಿಗೆ, ಗೆಳೆಯ ಪಂಪಾಪತಿಯ ಮನೆಗೆ.

ಕ್ರೀಡಾ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ನಾನು ಓಟಗಾರ, ಜಿಲ್ಲೆ ದಾಟಲಿಲ್ಲ. ಈಗ ಶಾಲೆಯಲ್ಲಿ ಪಿ.ಟಿ. ಮಾಸ್ತರ. ಅವನು ಕುಸ್ತಿಯಲ್ಲಿ ದೇಶದ ಪರವಾಗಿ ಆಡಿ ಬಂದವನು. ಬೆನ್ನಿಗೆ ಮಣ್ಣು ಹತ್ತದ ಪೈಲ್ವಾನ ಎಂದು ಊರು ಮೆರೆಸಿತ್ತು. ಅದೇ ಊರಿನ ಕಣದಲ್ಲಿ ಒಂದು ದಿನ, ಹೆಸರಿಲ್ಲದ ಹುಡುಗನೊಬ್ಬನ ಕೈಯಲ್ಲಿ ಚಿತ್ ಆದ. ಆಮೇಲೆ ಗರಡಿ ಬಿಟ್ಟ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಜನ ಅದನ್ನು ಸೊಕ್ಕು ಅಂದರು. ಡಾಕ್ಟರು ಖಿನ್ನತೆ ಅಂದದ್ದು ಎಷ್ಟೋ ಕಾಲದ ಮೇಲೆ. ನಡುವೆ ಸಂಡೂರಿನ ಗಣಿ ಗುತ್ತಿಗೆದಾರನೊಬ್ಬ ತನ್ನ ಬೆನ್ನ ಹಿಂದೆ ಕಾವಲಿಗೆ ನಿಲ್ಲಲು ಇವನ ಮೈಕಟ್ಟು ನೋಡಿ ಕರೆದೊಯ್ದ. ಅಲ್ಲಿ ಕುಡಿತ ಹತ್ತಿತು.

ಕಂಪ್ಲಿಯ ಬಸ್ಸು ಕಮಲಾಪುರದ ಬಾಳೆತೋಟ, ಬುಕ್ಕಸಾಗರದ ಗದ್ದೆ ಹಾದು ಹೋಯಿತು. ಅರ್ಧ ಜನ ಹಂಪಿಯ ದಾರಿಯಲ್ಲೇ ಇಳಿದಿದ್ದರಿಂದ ಕೂರಲು ಸೀಟು ಸಿಕ್ಕಿತು. ಪಂಪಾಪತಿಯ ಅಕ್ಕ ಹುಲಿಗೆಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ತಮ್ಮ ಆಸ್ಪತ್ರೆಯಿಂದ ಬಂದು ನಾಲ್ಕಾರು ತಿಂಗಳಾಗಿದೆ, ಮಾತ್ರೆ ತಪ್ಪಿಸಿಲ್ಲ, ಕುಡಿದಿಲ್ಲ. ಆದರೆ ಸಂಡೂರಿನಲ್ಲಿ ತಾನಿದ್ದ ಕೋಣೆಯಲ್ಲಿ ಉಳಿದ ಪೆಟ್ಟಿಗೆ ತರಬೇಕು, ನಾಳೆಯೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಜೊತೆಗೆ ಹೋಗಿ, ಕುಡಿಯಗೊಡದೆ ಕರೆದುಕೊಂಡು ಬನ್ನಿ ಎಂದು ಕೇಳಿಕೊಂಡಳು. ನನ್ನನ್ನು ಕರೆಸಿದ್ದೂ ಅದಕ್ಕೇ.

ರಾತ್ರಿ ಊಟ ಬಡಿಸುತ್ತಾ ಆಕೆ ಹೇಳಿದ ಮಾತು ಮರೆಯುವಂಥದ್ದಲ್ಲ. ಸಂಡೂರಿನಲ್ಲಿದ್ದಾಗ ಅವನು ವಾರಕ್ಕೊಮ್ಮೆ ಮನೆಗೆ ಬಂದಾಗ ಅಂಗಿಯ ಬೆನ್ನು ಕೆಂಪಾಗಿರುತ್ತಿತ್ತು. ಮತ್ತೆ ಗರಡಿಗೆ ಇಳಿದಿದ್ದಾನೆ ಎಂದು ಹಿಗ್ಗಿ ಹಾಲು, ಬಾದಾಮಿ, ತುಪ್ಪ ಕೊಟ್ಟದ್ದೇ ಕೊಟ್ಟದ್ದು. ಗರಡಿಯ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿರುತ್ತಾರೆ. ಅದಕ್ಕೊಂದು ವಾಸನೆ ಇರುತ್ತದೆ. ಒಂದು ದಿನ ಅಂಗಿ ಒಗೆಯುವಾಗ ಆಕೆ ಮೂಸಿ ನೋಡಿದ್ದಾಳೆ.

"ಅರಿಶಿನದ ವಾಸ್ನಿ ಇಲ್ಲ ಮಾಸ್ತರ. ಬರೇ ಅದಿರಿನ ಧೂಳು. ಕುಡುದು ರಸ್ತಿ ಮ್ಯಾಲ ಬಿದ್ದು ಬರ್ತಿದ್ದ. ನಾ ಹಾಲು ಕಾಸ್ತಿದ್ದೆ."

ಪಂಪಾಪತಿ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ.

ಮರುದಿನ ಹೊಸಪೇಟೆಗೆ ಬಂದು ಸಂಡೂರು ಬಸ್ಸು ಹಿಡಿದೆವು. ಮೂವತ್ತು ಕಿಲೋಮೀಟರಿಗೂ ಕಡಿಮೆ ದಾರಿ, ಲಾರಿಗಳ ದೆಸೆಯಿಂದ ಎರಡು ತಾಸಿಗೂ ಮೀರಿತು. ಗುಡ್ಡಗಳು ಒಂದು ಮಗ್ಗುಲಲ್ಲಿ ಹಸಿರು, ಇನ್ನೊಂದರಲ್ಲಿ ಅಗೆದು ಹಾಕಿದ ಗಾಯ. ಪಂಪಾಪತಿ ಕಿಟಕಿಯ ಕಡೆ ನೋಡಲೇ ಇಲ್ಲ.

ಗುತ್ತಿಗೆದಾರನ ಆಫೀಸಿನಲ್ಲಿ ಸೂಪರ್‌ವೈಸರ್ ತಬ್ಬಿಕೊಂಡು ಕೂರಿಸಿದ. ಒಳ್ಳೆಯ ಮನುಷ್ಯನೇ, ಅದೇ ಫಜೀತಿ. ಪೈಲ್ವಾನರು ಬಂದಿದ್ದಾರೆ, ಹಾಗೇ ಕಳಿಸುವುದುಂಟೇ ಎಂದು ಬಾಟಲಿ ತೆರೆಸಿದ. ಬೇಡವೆಂದರೂ ಗ್ಲಾಸು ಬಂತು. ಪಂಪಾಪತಿ ಅದನ್ನು ಕೈಗೆ ತೆಗೆದುಕೊಂಡ. ಅವನು ನನ್ನ ಕಡೆ ಬಾಗಿ ಮೆಲ್ಲಗೆ ಅಂದ:

"ಏಳೋ ಮಾಸ್ತರ. ನೀ ಈಗ ಎದ್ರ ನಾನೂ ಏಳ್ತೀನಿ. ಇಲ್ಲಂದ್ರ ಏಳಾಂಗಿಲ್ಲ."

ಎದ್ದೆ. ಗ್ಲಾಸು ಮೇಜಿನ ಮೇಲೆ ಉಳಿಯಿತು. ಅವನ ಹಳೆಯ ಕೋಣೆಯಿಂದ ಪೆಟ್ಟಿಗೆ ಹೊತ್ತು ಹೊರಗೆ ಬಂದೆವು.

ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಕಂಪ್ಲಿಯ ಕಡೆ ಹೊರಟೆವು. ಸಂಜೆಯಾಗಿತ್ತು. ಕಮಲಾಪುರ ಬಂದದ್ದೇ ಅವನು ಪೆಟ್ಟಿಗೆಯೊಂದಿಗೆ ಥಟ್ಟನೆ ಇಳಿದುಬಿಟ್ಟ. ನಿಲ್ದಾಣದ ಪಕ್ಕದಲ್ಲೇ ಬಾರು. ಸತ್ತೆನಪ್ಪಾ, ಹುಲಿಗೆಮ್ಮನಿಗೆ ಏನು ಹೇಳಲಿ ಎಂದುಕೊಳ್ಳುತ್ತಾ ಹಿಂದೆಯೇ ಓಡಿದೆ. ಓಟಗಾರನಾಗಿ ಕಲಿತದ್ದು ಅಂದು ಉಪಯೋಗಕ್ಕೆ ಬಂತು. ಅವನು ಬಾರು ದಾಟಿ ಒಂದು ಓಣಿ ಹೊಕ್ಕ. ಕೊನೆಯಲ್ಲಿ ತಗ್ಗು ಬಾಗಿಲಿನ ಗರಡಿ. ಅವನು ಮೊದಲು ಪಟ್ಟು ಕಲಿತ ಜಾಗ.

ಹೊಸ್ತಿಲಲ್ಲಿ ಪೆಟ್ಟಿಗೆ ತೆರೆದು ಹಳೆಯ ಲಂಗೋಟಿ ತೆಗೆದ. ಅದಕ್ಕಾಗಿಯೇ ಸಂಡೂರಿಗೆ ಹೋದದ್ದೆಂದು ನನಗೆ ಆಗ ಹೊಳೆಯಿತು. ಅವನಿಗೆ ಪಟ್ಟು ಕಲಿಸಿದ ಉಸ್ತಾದರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕುಡಿದವರು ಈ ಮಣ್ಣು ತುಳಿಯುವುದಿಲ್ಲ ಎಂಬುದು ಅವರಿಗೂ ಗೊತ್ತು, ಅವನಿಗೂ ಗೊತ್ತು. ಅವನು ಬಾಗಿ ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡು ಇಳಿದ. ಎದುರು ನಿಂತವನು ಹೊಸಬ. ಎರಡು ಸಲ ಹಿಡಿದರು. ಎರಡು ಸಲವೂ ಪಂಪಾಪತಿಯ ಬೆನ್ನು ಮಣ್ಣಿಗೆ ಹತ್ತಿತು. ಎರಡನೆಯ ಸಲ ಅವನು ಹಾಗೇ ಬಿದ್ದುಕೊಂಡು ನಕ್ಕ. ಹಾಸ್ಟೆಲ್ ಬಿಟ್ಟ ಮೇಲೆ ಆ ನಗು ನಾನು ಕೇಳಿರಲಿಲ್ಲ. ಎದ್ದವನು ಬೆನ್ನಿನ ಮಣ್ಣು ಒರೆಸದೆ ಹಾಗೇ ಅಂಗಿ ತೊಟ್ಟ.

ಮನೆ ಮುಟ್ಟಿದಾಗ ಹುಲಿಗೆಮ್ಮ ತಮ್ಮನನ್ನು ತಿರುಗಿಸಿ ನಿಲ್ಲಿಸಿದಳು. ಅಂಗಿಯ ಬೆನ್ನು ಕೆಂಪಾಗಿತ್ತು. ಆಕೆಯ ಮುಖ ಬಾಡಿತು. ಆಮೇಲೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದಳು. ಬಹಳ ಹೊತ್ತು ಮೂಸಿದಳು.

"ಸೋತ್ಯೇನು?" ಅಂದಳು.

"ಸೋತೆ ಅಕ್ಕ."

ಸೆರಗಿನಿಂದ ಕಣ್ಣೊರೆಸಿಕೊಂಡು ಹಾಲು ಕಾಸಲು ಒಳಗೆ ಹೋದಳು.

ಬೆಳಿಗ್ಗೆ ನಾನು ಹೊಸಪೇಟೆಯ ಬಸ್ಸಿಗೆ ಹೊರಟಾಗ ಅವನೂ ಕಮಲಾಪುರದ ಗರಡಿಯ ತನಕ ಬರಲು ಲಂಗೋಟಿ ಮಡಚಿ ಬಗಲಲ್ಲಿಟ್ಟುಕೊಂಡು ಸಿದ್ಧನಾಗಿದ್ದ. ಹುಲಿಗೆಮ್ಮ ಬಾಗಿಲಿಗೆ ಬಂದು, "ಹೋಗಿ ಬರ್ರಿ ಮಾಸ್ತರ" ಅಂದಳು. ತಮ್ಮನ ಕಡೆ ತಿರುಗಿ ಅಂದಳು:

"ನೀ ಬಿದ್ದು ಬಾ."