ಜೋಡಿಗುಂಡಿನ ಕಲ್ಲು ರಾಜನದಲ್ಲ

ಬೆಳಗಿನ ಆರು ಗಂಟೆ. ಸೂರ್ಯ ಹುಟ್ಟಲು ಇನ್ನೂ ಅರ್ಧ ಗಂಟೆಗೂ ಹೆಚ್ಚು ಸಮಯವಿದೆ. ಮುಳಬಾಗಿಲು ತಾಲ್ಲೂಕಿನ ಬೈರಕೂರಿನಿಂದ ಮೂರು ಮೈಲಿ ದೂರದ ಜೋಡಿಗುಂಡು ಗುಡ್ಡದ ಮೇಲೆ ಕೋದಂಡರಾಮಪ್ಪ ಮಂಡಿಯೂರಿ ಕೂತು ಒಂದು ಕಲ್ಲನ್ನು ತೊಳೆಯುತ್ತಿದ್ದಾರೆ. ಕೈಯಲ್ಲಿ ತೆಂಗಿನ ನಾರು, ಪಕ್ಕದಲ್ಲಿ ಹಿತ್ತಾಳೆ ಚೊಂಬು. ಮೇಲೆ ಬರುವಾಗಲೇ ಕಾಲುದಾರಿಯ ಮುಳ್ಳುಗಳನ್ನು ಕೋಲಿನಿಂದ ಬದಿಗೆ ಸರಿಸಿದ್ದಾರೆ. ಎಡಗಡೆಯ ಗುಂಡುಬಂಡೆಯ ಹೊಟ್ಟೆಗೆ ಅಂಟಿಕೊಂಡಿರುವ ಎರಡು ಹೆಜ್ಜೇನು ಹುಟ್ಟುಗಳ ಕೆಳಗೆ ಒಂದು ನಿಮಿಷ ಸುಮ್ಮನೆ ನಿಂತು ಕೇಳಿಸಿಕೊಂಡಿದ್ದಾರೆ. ಕೆಳಗಿನ ತೋಪುಗಳಿಂದ ಮಾವಿನ ಹೂವಿನ ವಾಸನೆ ಗಾಳಿಯ ಜೊತೆ ಏರಿ ಬರುತ್ತಿದೆ.

"ಹುಳ ತಣ್ಣಗಿದಾವೆ. ಇವತ್ತು ಪಾರ್ಟಿನ ಈ ಕಡೆಯಿಂದಾನೇ ಕರ್ಕೊಂಡು ಬರಬೌದು. ಸೆಂಟು ಹಾಕ್ಕೊಂಡು ಬಂದಿದ್ರೆ ಮಾತ್ರ ಸುತ್ತಾಕ್ಕೊಂಡು ಹೋಗ್ಬೇಕು," ಎನ್ನುತ್ತಾರೆ.

ಕಲ್ಲು ಒಂದಾಳೆತ್ತರವಿದೆ, ದಕ್ಷಿಣಕ್ಕೆ ಮುಖ ಮಾಡಿ ನಿಂತಿದೆ. ಫೆಬ್ರವರಿಯಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಹತ್ತು ಹನ್ನೆರಡು ಡಿಗ್ರಿ ದಕ್ಷಿಣಕ್ಕೆ ಸರಿದು. ಹಾಗಾಗಿ ಮೊದಲ ಬೆಳಕು ಕಲ್ಲಿನ ಮೈಯನ್ನು ಬದಿಯಿಂದ ಸವರಿಕೊಂಡು ಹೋಗುತ್ತದೆ. ಅಕ್ಷರಗಳು ಸವೆದು ಅಕ್ಕಿಕಾಳಿನ ದಪ್ಪದಷ್ಟು ಆಳವೂ ಉಳಿದಿಲ್ಲ. ಬೆಳಕು ಹೀಗೆ ಅಡ್ಡಲಾಗಿ ಬಿದ್ದಾಗ ಮಾತ್ರ ಗೀರಿನೊಳಗೆ ನೆರಳು ನಿಲ್ಲುತ್ತದೆ. ಈ ಲೆಕ್ಕವನ್ನು ಕೋದಂಡರಾಮಪ್ಪ ಯಾವ ಪುಸ್ತಕದಲ್ಲೂ ಓದಿದವರಲ್ಲ. "ಒಂಬತ್ತಕ್ಕೆ ಬಂದೋರಿಗೆ ಬರೀ ಬಂಡೆ ಕಾಣ್ತದೆ ಸಾರ್. ಏಳಕ್ಕೆ ಬಂದೋರಿಗೆ ಮನುಷ್ಯ ಕಾಣ್ತಾನೆ."

ಐವತ್ಮೂರು ವರ್ಷದ ಕೋದಂಡರಾಮಪ್ಪ ಹನ್ನೆರಡು ವರ್ಷದಿಂದ ಮಾಡುತ್ತಿರುವ ಕೆಲಸ ಇದು. ಬೆಂಗಳೂರು, ಮದರಾಸು, ಚಿತ್ತೂರು ಕಡೆಗಳಿಂದ ಕಾರು ಮಾಡಿಕೊಂಡು ಬರುವವರನ್ನು ಒಂದು ಇಡೀ ದಿನ ಈ ಸೀಮೆಯಲ್ಲಿ ಸುತ್ತಾಡಿಸುತ್ತಾರೆ. ಮೊದಲು ಜೋಡಿಗುಂಡು, ಆಮೇಲೆ ಆವನಿ, ಮಧ್ಯಾಹ್ನ ಮನೆಯಲ್ಲೇ ಊಟ, ಬಿಸಿಲು ಇಳಿದ ಮೇಲೆ ಕುರುಡುಮಲೆ. ದಿನಕ್ಕೆ ಒಂದೇ ಪಾರ್ಟಿ. ಎರಡು ಪಾರ್ಟಿಯನ್ನು ಸೇರಿಸಿ ಕರೆದೊಯ್ಯುವುದಿಲ್ಲ. ಬಂದವರು ಗುಡ್ಡವನ್ನು ಒಂದು ಸಲ ಹತ್ತಿದರೆ ಇವರು ಎರಡು ಸಲ ಹತ್ತುತ್ತಾರೆ, ದಾರಿ ನೋಡಲು ಒಮ್ಮೆ, ತೋರಿಸಲು ಒಮ್ಮೆ. ಎತ್ತರ ಮುನ್ನೂರ ನಲವತ್ತು ಅಡಿ, ಒಂದು ಮೆಟ್ಟಿಲೂ ಇಲ್ಲ. ಸಂಜೆಯ ಹೊತ್ತಿಗೆ ಕಾಲ್ನಡಿಗೆಯೇ ಏಳು ಮೈಲಿ ಮುಟ್ಟುತ್ತದೆ.

ಇವತ್ತು ಬರುವ ಪಾರ್ಟಿ ದೊಡ್ಡದಲ್ಲ. ಬೆಂಗಳೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯಿನಿ ಶ್ಯಾಮಲಮ್ಮ ಮತ್ತು ಅವರ ಯಜಮಾನರು, ಇಬ್ಬರೇ. ಆದರೆ ಮುಂದಿನ ತಿಂಗಳು ಮೂರು ಬಸ್ಸು ತುಂಬ ಹುಡುಗಿಯರನ್ನು ಕರೆತರುವ ಯೋಚನೆ ಶ್ಯಾಮಲಮ್ಮನವರಿಗಿದೆ. ನಾಲ್ಕು ವರ್ಷದ ಹಿಂದೊಮ್ಮೆ ಬಂದುಹೋದವರು, ಈಗ ದಾರಿ ನೋಡಿಕೊಂಡು ಹೋಗಲು ಬರುತ್ತಿದ್ದಾರೆ. ಕೋದಂಡರಾಮಪ್ಪನವರಿಗೆ ಇಷ್ಟು ದೊಡ್ಡ ಕೆಲಸ ಹಿಂದೆಂದೂ ಬಂದಿಲ್ಲ. ಹುಡುಗಿಯರು ನೋಡಲು ಬರುವುದು 'ರಾಜನ ಕಲ್ಲು'. ಕಲ್ಲು ರಾಜನದಲ್ಲ ಎಂಬುದನ್ನು ಕೋದಂಡರಾಮಪ್ಪ ಇನ್ನೊಂದು ಗಂಟೆಯಲ್ಲಿ ಅವರಿಗೆ ಹೇಳಬೇಕಾಗಿದೆ.

ಆ ರಾಜ ಹುಟ್ಟಿದ ಕತೆ ೧೯೫೬ಕ್ಕೆ ಹೋಗುತ್ತದೆ. ಆಗ ಕೋದಂಡರಾಮಪ್ಪ ಇಪ್ಪತ್ತೈದರ ಯುವಕ. ಸರ್ವೆ ಕ್ಯಾಂಪಿನಲ್ಲಿ ದಿನಗೂಲಿಗೆ ಚೈನು ಎಳೆಯುತ್ತಿದ್ದರು. ಮೂವತ್ತಮೂರು ಅಡಿಯ ಕಬ್ಬಿಣದ ಚೈನಿನ ಒಂದು ತುದಿ ಹಿಡಿದು ಮಾಲೂರಿನಿಂದ ರಾಯಲ್ಪಾಡಿನವರೆಗೆ ಹೊಲ, ಕೆರೆ, ಗುಡ್ಡ ಎನ್ನದೆ ಹದಿನೈದು ವರ್ಷ ನಡೆದವರು. ಇವತ್ತಿಗೂ ದೂರವನ್ನು ಹೇಳುವುದು ಚೈನಿನಲ್ಲೇ. ಜೋಡಿಗುಂಡಿನ ಮೇಲೆ ಊಟಕ್ಕೆ ಕೂತಾಗ ಸರ್ವೆಯರ್ ನಕ್ಷೆಯಿಂದ ತಲೆ ಎತ್ತಿ ಕೇಳಿದರು: "ಈ ಕಲ್ಲಿಗೇನಯ್ಯಾ ಹೆಸರು?"

"ನಂಗೆ ಗೊತ್ತಿರ್ಲಿಲ್ಲ ಸಾರ್. ಲೋಕಲ್ ಆಳು ಅಂತ ನನ್ನ ಕೆಲಸಕ್ಕೆ ತಗೊಂಡಿದ್ರು. ಗೊತ್ತಿಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂದ್ಬಿಟ್ರೆ? ಕಲ್ಲು ನೋಡ್ದೆ. ಮೇಲ್ಗಡೆ ಒಬ್ಬ ಗತ್ತಾಗಿ ಕೂತಿದ್ದ, ಎರಡು ಕಡೆ ಹೆಂಗಸರು ಚಾಮರ ಬೀಸ್ತಿದ್ರು. ರಾಜನ ಕಲ್ಲು ಅಂದೆ. ಅವ್ರು ಬರ್ಕೊಂಡ್ರು."

ಹೀಗೆ ಬಾಯಿಗೆ ಬಂದದ್ದು ನಕ್ಷೆಗೆ ಹೋಯಿತು. ೧೯೭೦ರಲ್ಲಿ ಕ್ಯಾಂಪು ಬೇರೆ ಜಿಲ್ಲೆಗೆ ಹೊರಟಿತು, ಕೆಲಸ ನಿಂತಿತು. ಎರಡು ವರ್ಷದ ನಂತರ ಮುಳಬಾಗಿಲು ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ನಡೆಸುವ ವೆಂಕಟರಮಣಪ್ಪ, ಗುಡ್ಡ ನೋಡಬೇಕೆಂದು ಬಂದ ಒಂದು ಕುಟುಂಬವನ್ನು ಇವರ ಜೊತೆ ಕಳಿಸಿದರು. ಕೆಲಸ ಕುದುರಿತು. ಬಂದವರು ಕಲ್ಲಿನ ಬಗ್ಗೆ ಕೇಳಿದಾಗ ಕೋದಂಡರಾಮಪ್ಪ ಜೇಬಿನಿಂದ ನಕ್ಷೆಯ ಪ್ರತಿ ತೆಗೆದು ಬೆರಳಿಟ್ಟು ತೋರಿಸುತ್ತಿದ್ದರು. ಸರ್ಕಾರಿ ಕಾಗದದಲ್ಲೇ ಇದೆಯಲ್ಲ, ರಾಜನ ಕಲ್ಲು! ತಮ್ಮ ಮಾತಿಗೆ ತಾವೇ ಹುಟ್ಟಿಸಿದ ಸಾಕ್ಷಿ ಅದು ಎನ್ನುವುದು ಅಷ್ಟು ಹೊತ್ತಿಗೆ ಅವರಿಗೇ ಮರೆತಂತಾಗಿತ್ತು. ವರ್ಷ ವರ್ಷಕ್ಕೆ ರಾಜನಿಗೆ ಕುದುರೆ ಬಂತು, ದಂಡು ಬಂತು, ಒಬ್ಬಳು ರಾಣಿಯೂ ಬಂದಳು.

೧೯೮೧ರಲ್ಲಿ ಶಾಸನ ಓದುವ ಮೇಷ್ಟ್ರೊಬ್ಬರು ಬಂದರು. ತಲೆಮಾರುಗಳಿಂದ ಮೆತ್ತಿದ್ದ ಎಣ್ಣೆ ಜಿಡ್ಡನ್ನು ಎರಡು ದಿನ ತಿಕ್ಕಿ ತೆಗೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಲ್ಲಿ ತಟ್ಟಿ, ಮಸಿ ಸವರಿ ಅಚ್ಚು ತೆಗೆದರು. ಆಮೇಲೆ ಕಲ್ಲಿನ ಬುಡದಲ್ಲಿ ಒಂದು ಮೊಳ ಮಣ್ಣು ತೋಡಿಸಿದರು. ತೋಡಿದವರು ಕೋದಂಡರಾಮಪ್ಪನವರೇ. ಮಣ್ಣಿನೊಳಗಿಂದ ಮೂರು ಹಸುಗಳು ಬಂದವು. ಹಸುಗಳ ಮುಂದೆ ಬಿಲ್ಲು ಹಿಡಿದು ನಿಂತ ಒಬ್ಬ ಆಳು, ಮೈತುಂಬ ಬಾಣ.

"ದನ ಹೊಡ್ಕೊಂಡು ಹೋಗೋಕೆ ಬಂದ ಕಳ್ಳರ ಕೂಡೆ ಬಡಿದಾಡಿ ಸತ್ತೋನು. ದನ ಕಾಯೋನು ಸಾರ್, ನಮ್ಮಂಗೆ. ಮೇಲ್ಗಡೆ ಗತ್ತಾಗಿ ಕೂತಿರೋನೂ ಅವನೇನೆ, ಸತ್ತ ಮೇಲೆ ಸ್ವರ್ಗದಲ್ಲಿ ಕೂತಿರೋದು. ನಾನು ಸ್ವರ್ಗ ನೋಡಿ ಅರಮನೆ ಅಂದ್ಬಿಟ್ಟಿದ್ದೆ."

ಆ ವಾರ ಅವರು ಅಂಚೆ ಕಚೇರಿಯಿಂದ ಪೋಸ್ಟ್ ಕಾರ್ಡಿನ ಕಟ್ಟು ತಂದರು. ಬಂದವರ ಹೆಸರು, ವಿಳಾಸ, ತಾರೀಖು ಬರೆದಿಟ್ಟುಕೊಳ್ಳುವುದು ಸರ್ವೆ ಕ್ಯಾಂಪಿನಿಂದ ಬಂದ ಅಭ್ಯಾಸ. ನೋಟ್ ಬುಕ್ಕಿನಲ್ಲಿ ಇನ್ನೂರ ಎಂಬತ್ತೇಳು ವಿಳಾಸಗಳಿದ್ದವು. ಎಲ್ಲ ಕಾರ್ಡಿನಲ್ಲೂ ಒಂದೇ ಒಕ್ಕಣೆ: "ಮಾನ್ಯರೇ, ತಾವು ಜೋಡಿಗುಂಡು ಗುಡ್ಡಕ್ಕೆ ಬಂದಾಗ ನಾನು ತೋರಿಸಿದ ಕಲ್ಲು ರಾಜನದಲ್ಲ. ಹಸುಗಳನ್ನು ಉಳಿಸಲು ಸತ್ತ ದನ ಕಾಯುವವನದು. ಕುದುರೆ, ದಂಡು, ರಾಣಿ ಯಾರೂ ಇಲ್ಲ. ತಪ್ಪು ನನ್ನದು. ಇತಿ, ಕೋದಂಡರಾಮಪ್ಪ."

ಬರೆದು ಮುಗಿಸಲು ಐದು ತಿಂಗಳು ಹಿಡಿಯಿತು. "ಮುದ್ದೆ ಆರೋಗೋದು, ಈಯಪ್ಪ ಕಾರ್ಡು ಬಿಟ್ಟು ಏಳ್ತಿರ್ಲಿಲ್ಲ," ಎಂದು ಹೆಂಡತಿ ಗಂಗರತ್ನಮ್ಮ ನಗುತ್ತಾರೆ. "ರಾಜೂ ಲೇಡು, ಗೀಜೂ ಲೇಡು, ರಾಜ ಇಲ್ವೇ ಇಲ್ಲ ಅಂತ ಊರಿಗೆಲ್ಲ ಡಂಗುರ! ಮೊದಲು ರಾಜ ಅಂತ ಹೇಳೋವಾಗ ನನ್ನ ಕೇಳಿದ್ರಾ? ನಮ್ಮಪ್ಪನೂ ದನ ಕಾಯ್ತಿದ್ದೋನು. ಆ ಕೂತಿರೋ ಗತ್ತು ನೋಡಿದ್ರೇನೇ ನಾನು ಹೇಳ್ತಿದ್ದೆ."

ವೆಂಕಟರಮಣಪ್ಪನವರಿಗೆ ಮಾತ್ರ ನಗು ಬರಲಿಲ್ಲ. ಸೀಸನ್ನಿನಲ್ಲಿ ತಿಂಗಳಿಗೆ ಹತ್ತು ಪಾರ್ಟಿ ಇದ್ದದ್ದು ನಾಲ್ಕಕ್ಕೆ ಇಳಿದಿತ್ತು. ಅವರ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಇಬ್ಬರಿಗೂ ಈ ಮಾತು ಇವತ್ತಿಗೂ ಮುಗಿದಿಲ್ಲ.

"ಲೇ ಕೋದಂಡ, ರಾಜನ ನೋಡೋಕೆ ಜನ ಪೆಟ್ರೋಲು ಸುಟ್ಕೊಂಡು ಬರ್ತಾರೆ. ದನ ಕಾಯೋನ್ನ ನೋಡೋಕೆ ಅವರೂರಲ್ಲೇ ಇದಾರೆ ಕಣೋ."

"ಅವರೂರಿನೋನು ಕಲ್ಲಲ್ಲಿ ನಿಂತಿಲ್ಲವಲ್ಲಪ್ಪ."

"ಆ ಕಲ್ಲೇನು ನಿನ್ನ ಮೇಲೆ ಕೇಸು ಹಾಕ್ತದಾ?"

"ಹಾಕಿದ್ರೆ ಒಂದು ದಿನಕ್ಕೆ ಮುಗೀತಿತ್ತು," ಎಂದು ಕೋದಂಡರಾಮಪ್ಪ ಲೋಟ ಕೆಳಗಿಡುತ್ತಾರೆ. "ನಾನು ದಿನಾ ಅದರ ಮುಂದೆ ಹೋಗಿ ನಿಲ್ಬೇಕಲ್ಲ."

ಅಂದಿನಿಂದ ಅವರ ಕೆಲಸದಲ್ಲಿ ಒಂದು ಹೊಸ ಕ್ರಮ ಬಂದಿದೆ. ತಾವೇ ಕಂಡದ್ದನ್ನು ಹೇಳುವಾಗ ಬೆರಳು ಮಾಡಿ ತೋರಿಸುತ್ತಾರೆ. ಇನ್ನೊಬ್ಬರಿಂದ ಕೇಳಿದ್ದನ್ನು ಹೇಳುವಾಗ ಎಡಗೈಯನ್ನು ಕಿವಿಯ ಮೇಲಿಟ್ಟುಕೊಳ್ಳುತ್ತಾರೆ. ಆವನಿಯಲ್ಲಿ ಸೀತಮ್ಮ ಇದ್ದ ಕತೆ ಹೇಳುವಷ್ಟು ಹೊತ್ತೂ ಕೈ ಕಿವಿಯ ಮೇಲೇ ಇರುತ್ತದೆ. ಕತೆ ಮಾತ್ರ ಒಂದಿಷ್ಟೂ ಸೊರಗುವುದಿಲ್ಲ. ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಕಲಿಸಿದರೂ ಕೈಗೆ ಹತ್ತದ ಶಿಸ್ತನ್ನು ಈ ಮನುಷ್ಯ ತನ್ನ ತಪ್ಪಿನಿಂದಲೇ ಕಟ್ಟಿಕೊಂಡಿದ್ದಾರೆ.

ಹೋದ ಕಾರ್ಡುಗಳಲ್ಲಿ ಮೂವತ್ತೊಂದು ವಾಪಸ್ ಬಂದವು. ಮನೆ ಬದಲಾಯಿಸಿದ್ದ ಶ್ಯಾಮಲಮ್ಮನವರದೂ ಅದರಲ್ಲಿ ಒಂದು. ಹೋದ ತಿಂಗಳು ಹೊಸ ವಿಳಾಸದಿಂದ ಅವರ ಕಾಗದ ಬಂದಾಗಲೇ ಉತ್ತರದಲ್ಲಿ ವಿಷಯ ಬರೆದುಬಿಡಬಹುದಿತ್ತು. "ಮೂರು ಬಸ್ಸು ತರೋ ಮನಸ್ಸು ಮಾಡಿರೋರಿಗೆ ಕಾರ್ಡು ಬರೆದು ತಪ್ಪಿಸ್ಕೊಳ್ಳೋದಾ? ಕಲ್ಲಿನ ಮುಂದೆ ಹೇಳಿದ್ದು, ಕಲ್ಲಿನ ಮುಂದೇನೇ ವಾಪಸ್ ತಗೋಬೇಕು."

ಆರೂ ಮುಕ್ಕಾಲಿಗೆ ಬಿಳಿ ಫಿಯೆಟ್ಟು ಗುಡ್ಡದ ಬುಡದಲ್ಲಿ ನಿಲ್ಲುತ್ತದೆ. ಕೋದಂಡರಾಮಪ್ಪ ಇಳಿದುಹೋಗಿ ಕೈಮುಗಿಯುತ್ತಾರೆ. ಶ್ಯಾಮಲಮ್ಮ ಹತ್ತುತ್ತಲೇ ಮಾತಾಡುತ್ತಾರೆ. "ನಿಮ್ಮ ರಾಜನ ಮೇಲೆ ನಮ್ಮ ಮಕ್ಕಳು ನಾಟಕ ಆಡಿದ್ರು ಕೋದಂಡರಾಮಪ್ಪನವರೇ. ವಾರ್ಷಿಕೋತ್ಸವದಲ್ಲಿ ಮೊದಲನೇ ಬಹುಮಾನ!" ಕೋದಂಡರಾಮಪ್ಪ ತಲೆಯಾಡಿಸುತ್ತಾರೆ. "ಇಲ್ಲಿಂದ ಇನ್ನು ಹನ್ನೊಂದು ಚೈನು ಅಮ್ಮಾ," ಎಂದಷ್ಟೇ ಹೇಳುತ್ತಾರೆ.

ಕಲ್ಲಿನ ಮುಂದೆ ನಿಂತಾಗ ಬಿಸಿಲು ಆಗತಾನೇ ಅಕ್ಷರಗಳನ್ನು ಮುಟ್ಟುತ್ತಿದೆ. ಶ್ಯಾಮಲಮ್ಮ ಮೇಲಿನ ರಾಜನನ್ನು ನೋಡಲಿಲ್ಲ. ಅವರ ಕಣ್ಣು ಬುಡಕ್ಕೆ ಹೋಯಿತು.

"ಇದೇನು ಕೆಳಗೆ, ಹಸುಗಳು? ಹೋದ ಸಲ ಇರಲಿಲ್ಲ."

"ಇದ್ವಮ್ಮಾ. ನಾವು ಅವುಗಳ ಮೇಲೆ ನಿಂತ್ಕೊಂಡು ರಾಜನ ಕತೆ ಹೇಳ್ತಿದ್ವಿ."

ಅಲ್ಲಿಂದ ಮುಂದಕ್ಕೆ ಕೋದಂಡರಾಮಪ್ಪ ಏನನ್ನೂ ಬಚ್ಚಿಡುವುದಿಲ್ಲ. ಸರ್ವೆಯರ್ ಕೇಳಿದ್ದು, ತಾವು ಹೇಳಿದ್ದು, ನಕ್ಷೆ, ಕುದುರೆ, ರಾಣಿ ಎಲ್ಲವನ್ನೂ ಒಂದಾದ ಮೇಲೊಂದು ಒಪ್ಪಿಸುತ್ತಾರೆ. ಕೈ ಒಂದು ಸಲವೂ ಕಿವಿಗೆ ಹೋಗುವುದಿಲ್ಲ. ಶ್ಯಾಮಲಮ್ಮನವರ ಮುಖ ಗಂಟಿಕ್ಕಿಕೊಳ್ಳುತ್ತದೆ. ಅವರ ಯಜಮಾನರು ಬೇರೆ ಕಡೆ ನೋಡುತ್ತಾ ಕನ್ನಡಕ ಒರೆಸುತ್ತಾರೆ.

"ನಾಲ್ಕು ವರ್ಷ ನಾನು ಕ್ಲಾಸಲ್ಲಿ ಇದನ್ನೇ ಹೇಳಿದೀನಿ," ಎನ್ನುತ್ತಾರೆ ಶ್ಯಾಮಲಮ್ಮ. "ರಾಜನ ಪಾರ್ಟು ಮಾಡಿದ ಹುಡುಗಿಗೆ ಈಗ ಏನು ಹೇಳಲಿ?"

"ಆ ಮಗೂ ಅಡ್ರೆಸ್ಸು ಕೊಡಿ ಅಮ್ಮಾ. ಅವಳಿಗೂ ಒಂದು ಕಾರ್ಡು ಹಾಕ್ತೀನಿ."

ಯಜಮಾನರು ಫಕ್ಕನೆ ನಕ್ಕುಬಿಡುತ್ತಾರೆ. ಶ್ಯಾಮಲಮ್ಮ ನಗುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಮುಂದೆ ಕೂತು, ಕೋದಂಡರಾಮಪ್ಪ ಬೆರಳಿಟ್ಟು ತೋರಿಸಿದ ಸಾಲಿನ ಮೇಲೆ ತಮ್ಮ ಬೆರಳು ಆಡಿಸುತ್ತಾರೆ.

"ಇವನ ಹೆಸರು?"

"ಮೊದಲ ಅಕ್ಷರಗಳು ಒಡೆದೋಗಿವೆ. ಉಳಿದಿರೋದು 'ಮಯ್ಯ' ಅನ್ನೋದಷ್ಟೇ. ಅದಕ್ಕೆ ಮುಂಚೆ ಏನಿತ್ತೋ ಗೊತ್ತಿಲ್ಲ ಅಮ್ಮಾ."

ಗೊತ್ತಿಲ್ಲ ಎಂಬ ಮಾತನ್ನು ಅವರು ಗಟ್ಟಿಯಾಗಿ, ಸ್ವಲ್ಪವೂ ಅಳುಕಿಲ್ಲದೆ ಹೇಳುತ್ತಾರೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಇದೇ ಜಾಗದಲ್ಲಿ ಬಾಯಿಗೆ ಬಾರದಿದ್ದ ಮಾತು ಅದು.

ಆವನಿಯಲ್ಲಿ ಶ್ಯಾಮಲಮ್ಮ ಗುಡಿಗಳ ಬಗ್ಗೆಯಷ್ಟೇ ಕೇಳುತ್ತಾರೆ. ಮಧ್ಯಾಹ್ನ ಗಂಗರತ್ನಮ್ಮನವರ ಹಿತಕಬೇಳೆ ಸಾರು, ಮುದ್ದೆಯ ಮುಂದೆ ಕೂತಾಗಲೂ ಬಸ್ಸಿನ ಮಾತು ಬರುವುದಿಲ್ಲ. ಕೋದಂಡರಾಮಪ್ಪ ತಾವಾಗಿ ಕೇಳುವುದೂ ಇಲ್ಲ. ಬಡಿಸುವುದಕ್ಕೆ ಸೌಟು ಹಿಡಿದು ನಿಂತವರು ಅವರೇ. ಎರಡನೇ ಸಲ ಸಾರು ಬಿದ್ದ ಮೇಲೆ ಶ್ಯಾಮಲಮ್ಮ ತಲೆ ಎತ್ತಿದರು.

"ಮೂರು ಬಸ್ಸು ತರಲ್ಲ ಕೋದಂಡರಾಮಪ್ಪನವರೇ."

ಸೌಟು ಒಂದು ಕ್ಷಣ ನಿಲ್ಲುತ್ತದೆ. "ಆಗ್ಲಿ ಅಮ್ಮಾ," ಎನ್ನುತ್ತಾರೆ.

"ಆ ಬೆಳಕಲ್ಲಿ, ಆ ಕಲ್ಲಿನ ಮುಂದೆ ನೂರೈವತ್ತು ಮಕ್ಕಳು ನಿಂತರೆ ಯಾರಿಗೂ ಏನೂ ಕಾಣಲ್ಲ. ಒಂದು ಬಸ್ಸು ತರ್ತೀನಿ. ನಾಟಕ ಆಡಿದ ಮಕ್ಕಳನ್ನೇ ತರ್ತೀನಿ. ನನಗೆ ಹೇಳಿದ ಹಾಗೇ ಅವರಿಗೂ ಹೇಳಬೇಕು. ಸರ್ವೆಯವರು ಕೇಳಿದ್ದು, ನೀವು ಹೇಳಿದ್ದು, ಒಂದೂ ಬಿಡಬಾರದು." ಆಮೇಲೆ ಕೇಳಿದರು: "ಏಳು ಗಂಟೆಗೆ ಮಕ್ಕಳು ಮೇಲಿರಬೇಕಾದರೆ ಬೆಂಗಳೂರು ಎಷ್ಟೊತ್ತಿಗೆ ಬಿಡಬೇಕು?"

"ನಾಲ್ಕಕ್ಕಮ್ಮಾ," ಎನ್ನುತ್ತಾ ಕೋದಂಡರಾಮಪ್ಪ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುತ್ತಾರೆ. ಒಳಗಿನಿಂದ ಗಂಗರತ್ನಮ್ಮನ ದನಿ: "ಚಾಲು ಚಾಲು, ಸಾಕು ಬಿಡಿ, ಆಯಮ್ಮನ ತಟ್ಟೆ ಕೆರೆ ಆಯ್ತು!"

ಸಂಜೆ ಫಿಯೆಟ್ಟು ಕೋಲಾರದ ರಸ್ತೆ ಹಿಡಿದ ಮೇಲೆ ಕೋದಂಡರಾಮಪ್ಪ ಜಗಲಿಯಲ್ಲಿ ನೋಟ್ ಬುಕ್ಕು ಬಿಚ್ಚುತ್ತಾರೆ. ಶ್ಯಾಮಲಮ್ಮನವರ ಹೆಸರಿನ ಪಕ್ಕದಲ್ಲಿ ಮೂರು ವರ್ಷದಿಂದ ಖಾಲಿ ಇದ್ದ ಜಾಗದಲ್ಲಿ ಒಂದು ಗೀಟು ಹಾಕುತ್ತಾರೆ. ಇನ್ನು ಉಳಿದಿರುವುದು ಮೂವತ್ತು ವಿಳಾಸ, ಮತ್ತು ಒಂದು ನಕ್ಷೆ. ಸರ್ವೆ ನಕ್ಷೆಯಲ್ಲಿ ಇವತ್ತಿಗೂ 'ರಾಜನ ಕಲ್ಲು' ಎಂದೇ ಇದೆ. ಹೆಸರು ತೆಗೆಯಿರೆಂದು ಅವರು ನಾಲ್ಕು ಅರ್ಜಿ ಹಾಕಿದ್ದಾರೆ. ಹಾಗೆ ಹೆಸರಿಟ್ಟವರು ಯಾರು, ಆಧಾರವೇನು ಎಂದು ಕೇಳಿ ಒಂದು ಉತ್ತರ ಬಂದಿದೆ. 'ನಾನೇ, ಆಧಾರವಿಲ್ಲ' ಎಂದು ಬರೆದು ಕಳಿಸಿದ್ದಾರೆ.

"ಕಾಲು ಗಟ್ಟಿ ಇರೋವಾಗ್ಲೇ ಅದೊಂದು ಸರಿಹೋದ್ರೆ ಸಾಕು ಸಾರ್. ಬೇರೇನೂ ಬೇಡ," ಎನ್ನುತ್ತಾರೆ. ಬುಕ್ಕು ಮುಚ್ಚಿ, ಬೆಳಿಗ್ಗೆಗೆಂದು ಚೊಂಬು, ತೆಂಗಿನ ನಾರನ್ನು ಬಾಗಿಲ ಪಕ್ಕ ತೆಗೆದಿಡುತ್ತಾರೆ. ಆಮೇಲೆ ನೆನಪಾದವರಂತೆ ತಿರುಗಿ ಹೇಳುತ್ತಾರೆ:

"ಇವತ್ತು ಬೆಳಗಿಂದ ಎಷ್ಟೊಂದು ಮಾತಾಡಿದೀನಿ ನೋಡಿ. ವಾಪಸ್ ತಗೋಬೇಕಾದ್ದು ಒಂದೂ ಇಲ್ಲ."